ಸಿಐ ಹಾಕಿಸಿಕೊಳ್ಳುವ ವಿಚಾರ

ಹೋಳೂರಿನಂಥ ಹೋಬಳಿ ಊರಿನ ಟೀ ಅಂಗಡಿಯಲ್ಲಿ ನಾಲ್ಕು ಹುಡುಗರು ಕೂತು ‘ನಮಗೆ ಯಾವ ಸಿಐ ಸರಿಹೋಗ್ತದೆ’ ಎಂದು ಗಂಟಲು ಬಿಚ್ಚಿ ವಾದ ಮಾಡಿದರೆ ಪಕ್ಕದ ಬೆಂಚಿನವರ ಕಿವಿ ನೆಟ್ಟಗಾಗದೆ ಇರುತ್ತದೆಯೇ? ನಮ್ಮ ಕಡೆ ಸಿಐ ಎಂದರೆ ಖಾಕಿ ತೊಟ್ಟು ಜೀಪಿನಲ್ಲಿ ಬರುವ ಸರ್ಕಲ್ ಇನ್‌ಸ್ಪೆಕ್ಟರು, ಇನ್ಯಾರೂ ಅಲ್ಲ. ಅವರನ್ನು ಹಾಕಿಸಿಕೊಳ್ಳುವುದು, ಎತ್ತಿಸುವುದು ಇವೆಲ್ಲ ದೊಡ್ಡವರ ವ್ಯವಹಾರ. ಅಂಥದ್ದರಲ್ಲಿ ಮೀಸೆ ಸರಿಯಾಗಿ ಬಲಿಯದ ಹುಡುಗರು ‘ಅವ್ನು ಮೊದಲು ಫ್ರೀ ಅಂತಾನೆ, ಆಮೇಲೆ ನಿಮಿಷಕ್ಕಿಷ್ಟು ಅಂತ ಕೀಳ್ತಾನೆ’ ಎಂದು ಒಬ್ಬ, ‘ಹಳೇದೇ ವಾಸಿ, ಮನೇಲೇ ಇಟ್ಕೊಬೋದು’ ಎಂದು ಇನ್ನೊಬ್ಬ, ಹೀಗೆ ಮಾತಾಡುತ್ತಿದ್ದರೆ ಸಂಜೆಯೊಳಗೆ ಸುದ್ದಿ ಊರೆಲ್ಲ ಸುತ್ತಿತು. ‘ತಿಂಗಳ ಮಾಮೂಲು ಕೇಳಿದ್ವಿ ಕಣಣ್ಣ, ನಿಮಿಷದ ಮಾಮೂಲು ಇದೇ ಮೊದಲು’ ಎಂದು ಹಿರಿಯರೊಬ್ಬರು ನನ್ನ ಹತ್ತಿರವೇ ಬಂದು ಬೆರಗುಪಟ್ಟರು.

ಆ ನಾಲ್ವರಲ್ಲಿ ಒಬ್ಬ ನಮ್ಮಕ್ಕನ ಮಗ. ಹಾಗಾಗಿ ಸಮಜಾಯಿಷಿ ಹೇಳುವ ಕೆಲಸ ನನ್ನ ತಲೆಗೆ ಬಂತು. ನಾನೂ ಬೆಂಗಳೂರಿನಲ್ಲಿ ಇದೇ ಸಾಫ್ಟ್‌ವೇರ್ ಕಸುಬು ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವನು ತಾನೇ! ಉಳಿದ ಮೂವರಲ್ಲಿ ಒಬ್ಬ ಮಾಲೂರಿನವನು, ಒಬ್ಬ ಮುಳಬಾಗಿಲಿನವನು, ಮತ್ತೊಬ್ಬ ಶ್ರೀನಿವಾಸಪುರದವನು. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಸಮೇತ ಊರು ಸೇರಿದವರು ತಿರುಗಿ ಹೋಗಲಿಲ್ಲ. ಗೊಬ್ಬರದ ಅಂಗಡಿಯ ಮೇಲಿನ ರೂಮು ಬಾಡಿಗೆ ಹಿಡಿದು, ಟೊಮೆಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ರೈತ ಎಷ್ಟು ಬಾಕ್ಸ್ ತಂದ, ಹರಾಜಿನಲ್ಲಿ ಯಾವ ರೇಟಿಗೆ ಹೋಯಿತು, ಲಾರಿ ಬಾಡಿಗೆ ಎಷ್ಟು ಹಿಡಿಯಬೇಕು, ಮುಂಗಡ ಎಷ್ಟು ಬಾಕಿ, ಎಲ್ಲ ಫೋನಿನಲ್ಲೇ. ಕೋಲಾರದ ಎಪಿಎಂಸಿ ಟೊಮೆಟೊಗೆ ಹೆಸರಾದ ಮಾರುಕಟ್ಟೆ. ಅದರ ಸುತ್ತ ಇಂಥ ನಾಲ್ಕು ಹುಡುಗರಿಗೆ ಅನ್ನ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಕೋಡ್ ಗಿಟ್‌ಹಬ್‌ನಲ್ಲಿದೆ, ಆದರೆ ಪ್ರೈವೇಟ್. ಯಾಕಪ್ಪ ಪ್ರೈವೇಟ್ ಎಂದರೆ, ‘ಮಾವ, ಅದು ನಮ್ಮ ಬಿಸಿನೆಸ್ ಸೀಕ್ರೆಟ್’ ಎಂದ ಅಳಿಮಯ್ಯ. ನಾನು ಸುಮ್ಮನೆ ಫೈಲು ತೆಗೆದು ನೋಡಿದೆ. ಹನ್ನೆರಡನೇ ಸಾಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡು, ಹದಿಮೂರನೇ ಸಾಲಿನಲ್ಲಿ ಎಸ್ಸೆಮ್ಮೆಸ್ ಕಳಿಸುವ ಕೀ, ಅದರ ಕೆಳಗೆ ‘ಆಮೇಲೆ ತೆಗೆಯಬೇಕು’ ಎಂದು ಇಂಗ್ಲಿಷಿನಲ್ಲಿ ಒಂದು ಷರಾ. ಷರಾ ಬರೆದ ವರ್ಷ 2022. ಸೀಕ್ರೆಟ್ ಎಂದರೆ ಇದೇ ಇರಬೇಕು ಎಂದುಕೊಂಡೆ.

ಈ ಪ್ರೈವೇಟ್ ಎಂಬ ಬೇಲಿಗೂ ಒಂದು ಕಾಲದಲ್ಲಿ ಕಾಸು ಕೊಡಬೇಕಿತ್ತು. 2019ರ ಜನವರಿವರೆಗೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಕೋಡಿಗೆ ಜಾಗ ಪುಕ್ಕಟೆ, ಮುಚ್ಚಿಟ್ಟ ಕೋಡಿಗೆ ತಿಂಗಳ ಬಾಡಿಗೆ. ಅದಕ್ಕೇ ನಮ್ಮ ಕಡೆಯ ಸಣ್ಣ ಕಂಪನಿಗಳೆಲ್ಲ ಬಿಟ್‌ಬಕೆಟ್‌ಗೆ ಹೋಗಿ ಕೂತಿದ್ದವು, ಐದು ಜನರವರೆಗೆ ಅಲ್ಲಿ ಪ್ರೈವೇಟೂ ಪುಕ್ಕಟೆ ಎಂದು. ಆಮೇಲೆ ಗಿಟ್‌ಹಬ್ ಮೊದಲು ಮೂವರು ಜೊತೆಗಾರರವರೆಗೆ, 2020ರ ಏಪ್ರಿಲ್‌ನಲ್ಲಿ ಎಷ್ಟು ಜನ ಬೇಕಾದರೂ ಇರಲಿ ಎಂದು ಬಾಗಿಲು ತೆಗೆಯಿತು. ಹೀಗಾಗಿ ಇವತ್ತು ಜಾಗ ಎಲ್ಲ ಕಡೆ ಬಿಟ್ಟಿ. ಕಾಸು ಕೀಳುವುದು ಜಾಗಕ್ಕಲ್ಲ, ಆ ಕೋಡನ್ನು ಪರೀಕ್ಷೆ ಮಾಡುವ ಯಂತ್ರದ ನಿಮಿಷಕ್ಕೆ.

ಆ ಪರೀಕ್ಷೆಯ ಯಂತ್ರವೇ ಈ ಸಿಐ. ಇದನ್ನು ನಮ್ಮಕ್ಕನಿಗೆ ಅರ್ಥ ಮಾಡಿಸಲು ಅಳಿಮಯ್ಯ ಅರ್ಧ ಗಂಟೆ ತಿಣುಕಿದ. ಕೊನೆಗೆ ಅಕ್ಕನೇ ಅವನಿಗೆ ಅರ್ಥ ಮಾಡಿಸಿದಳು. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದವಳು, ‘ಅಲ್ವೋ, ನಾನು ಹಾಲು ತಗೊಂಡೋದ್ರೆ ಮೊದಲು ಒಂದು ಚಮಚ ತಗೊಂಡು ಮಿಷನ್‌ಗೆ ಇಡ್ತಾರೆ. ಫ್ಯಾಟು, ಎಸ್‌ಎನ್‌ಎಫ್ಫು ಚೀಟಿ ಬಂದ್ಮೇಲೇ ದೊಡ್ಡ ಕ್ಯಾನಿಗೆ ಸುರಿಯೋದು. ಒಡೆದ ಹಾಲು ಯಾರೋ ಒಬ್ರು ಸುರಿದ್ರೆ ಊರಿನ ಹಾಲೆಲ್ಲ ಹೋಯ್ತು. ನಿಂದೂ ಅದೇ ತಾನೇ?’ ಎಂದಳು. ಅದೇ. ನಾಲ್ಕು ಜನ ಬೇರೆಬೇರೆ ಕೂತು ಬರೆದ ಕೋಡು ಒಂದು ಕಡೆ ಸೇರುವ ಮೊದಲು, ಸೇರುವ ಪ್ರತಿಸಲವೂ, ಮನುಷ್ಯರ ದಾಕ್ಷಿಣ್ಯ ನೋಡದ ಒಂದು ಯಂತ್ರ ಅದನ್ನು ಓಡಿಸಿ ನೋಡಬೇಕು. ಪಾಸಾದರೆ ಹಸಿರು ಟಿಕ್ಕು, ಫೇಲಾದರೆ ಕೆಂಪು ಅಡ್ಡಗೀಟು. ‘ಮತ್ತೆ ಇಷ್ಟು ದಿವಸ ನೀವು ನೋಡದೇನೇ ಸುರೀತಿದ್ರಾ?’ ಎಂದು ಅಕ್ಕ ಕೇಳಿದ ಪ್ರಶ್ನೆಗೆ ಮಾತ್ರ ರೂಮಿನಲ್ಲಿ ಉತ್ತರ ಇರಲಿಲ್ಲ.

ಇದೇನೂ ಹೊಸ ಆಚಾರವಲ್ಲ. ಮಾರ್ಟಿನ್ ಫೌಲರ್ ಇದರ ಬಗ್ಗೆ ಲೇಖನ ಬರೆದದ್ದು 2000ದಲ್ಲಿ. ಅವರಿದ್ದ ಥಾಟ್‌ವರ್ಕ್ಸ್ ಕಂಪನಿಯವರು ಮರುವರ್ಷವೇ ಕ್ರೂಸ್‌ಕಂಟ್ರೋಲ್ ಎಂಬ ಯಂತ್ರ ಮಾಡಿ ಹಂಚಿದರು. ಆಮೇಲೆ ಸನ್ ಕಂಪನಿಯಲ್ಲಿ ಕೊಹ್ಸುಕೆ ಕವಾಗುಚಿ ಎಂಬ ಜಪಾನೀ ಎಂಜಿನಿಯರ್ ‘ಹಡ್ಸನ್’ ಬರೆದರು. ಸನ್ ಕಂಪನಿಯನ್ನು ಒರಾಕಲ್ ಕೊಂಡಮೇಲೆ ಹೆಸರಿನ ಹಕ್ಕಿಗೆ ಜಗಳವಾಗಿ 2011ರಲ್ಲಿ ಅದು ‘ಜೆಂಕಿನ್ಸ್’ ಆಯಿತು. ಅದರ ಲಾಂಛನದಲ್ಲಿ ಕೋಟು ತೊಟ್ಟು, ತೋಳಿನ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಬಟ್ಲರ್ ಇದ್ದಾನೆ. ಅವನನ್ನು ಕೆಲಸಕ್ಕಿಟ್ಟುಕೊಂಡವರಿಗೇ ಗೊತ್ತು, ಯಾರು ಯಾರ ಚಾಕರಿ ಮಾಡುತ್ತಾರೆ ಎಂದು. ಸಾವಿರಕ್ಕೂ ಮೇಲ್ಪಟ್ಟ ಪ್ಲಗಿನ್ನುಗಳು, ಒಂದನ್ನು ಅಪ್‌ಡೇಟ್ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ನಮ್ಮ ಮಾಲೂರಿನವನು ಆ ಜೆಂಕಿನ್ಸ್ ಪಕ್ಷ. ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದ ಕಾಲದ ಆಫೀಸಿನಲ್ಲಿ ಅದೇ ಇತ್ತು, ಕಲಿತ ವಿದ್ಯೆ ಬಿಡಲಾರ. ಶ್ರೀನಿವಾಸಪುರದವನು ಸ್ವಾಭಿಮಾನಿ. ‘ಜೆರೋಧಾದಂಥ ಕಂಪನಿಯೇ ಗಿಟ್‌ಲ್ಯಾಬನ್ನ ತಮ್ಮದೇ ಸರ್ವರ್‌ನಲ್ಲಿ ಇಟ್ಕೊಂಡವ್ರೆ, ನಾವ್ಯಾಕೆ ಬೇರೆಯವರ ಮನೆ ಬಾಗಿಲಿಗೆ ಹೋಗ್ಬೇಕು’ ಎಂಬುದು ಅವನ ವಾದ. ಜೆರೋಧಾ ಬೆಂಗಳೂರಿನದೇ ಷೇರು ವ್ಯವಹಾರದ ಕಂಪನಿ, ಮಾತು ನಿಜ. ಆದರೆ ಅಲ್ಲಿ ಅದನ್ನು ನೋಡಿಕೊಳ್ಳಲು ಜನ ಇದ್ದಾರೆ. ಇಲ್ಲಿ ಸರ್ವರ್ ಬಿದ್ದರೆ ಎಬ್ಬಿಸಬೇಕಾದವನು ಮಾವಿನ ಸುಗ್ಗಿ ಬಂತೆಂದರೆ ಎರಡು ತಿಂಗಳು ತೋಟದಲ್ಲಿರುತ್ತಾನೆ. ಮುಳಬಾಗಿಲಿನವನಿಗೆ ಸರ್ಕಲ್‌ಸಿಐ ಬೇಕು, ಯಾಕೆಂದು ಕೇಳಿದರೆ ‘ಸ್ಕ್ರೀನು ಚೆನ್ನಾಗೈತೆ’ ಎನ್ನುತ್ತಾನೆ. ನಮ್ಮ ಅಳಿಮಯ್ಯನದು ಸುಲಭ ಸಿದ್ಧಾಂತ, ಯಾವುದು ಹೆಚ್ಚು ಪುಕ್ಕಟೆಯೋ ಅದು.

ಪುಕ್ಕಟೆಯ ಪಟ್ಟಿಯನ್ನೇ ಗೋಡೆಗೆ ಅಂಟಿಸಿದ್ದರು. ಗಿಟ್‌ಹಬ್ ಆಕ್ಷನ್ಸ್, ಪ್ರೈವೇಟ್ ಕೋಡಿಗೆ ತಿಂಗಳಿಗೆ 2,000 ನಿಮಿಷ. ಗಿಟ್‌ಲ್ಯಾಬ್ 400, ಮೊದಲು ಅದೂ 2,000 ಇತ್ತು, 2020ರ ಅಕ್ಟೋಬರ್‌ನಲ್ಲಿ ಕತ್ತರಿ ಬಿತ್ತು. ಬಿಟ್‌ಬಕೆಟ್ 50, ಅಂದರೆ ಒಂದನೇ ತಾರೀಕು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸರ್ಕಲ್‌ಸಿಐ 6,000 ನಿಮಿಷ ಎಂದು ದಪ್ಪಕ್ಷರದಲ್ಲಿ. ಆದರೆ ಅವರು ಕೊಡುವುದು ನಿಮಿಷವಲ್ಲ, 30,000 ಕ್ರೆಡಿಟ್ಟು. ಸಣ್ಣ ಯಂತ್ರಕ್ಕೆ ನಿಮಿಷಕ್ಕೆ 5 ಕ್ರೆಡಿಟ್ಟು, ಮಧ್ಯಮದ್ದಕ್ಕೆ 10. ಮಧ್ಯಮ ಯಂತ್ರ ತಗೊಂಡರೆ ಆರು ಸಾವಿರ ಮೂರು ಸಾವಿರವಾಯಿತು.

ಪುಕ್ಕಟೆ ಹೀಗೆ ಸೊರಗಿದ್ದಕ್ಕೆ ಕಾರಣವೂ ಇದೆ. ಕೆಜಿಎಫ್‌ನ ಗಣಿ 2001ರಲ್ಲೇ ಮುಚ್ಚಿದರೂ ಅಗೆಯುವವರ ಆಸೆ ಲೋಕದಲ್ಲಿ ತೀರಿಲ್ಲ. ಬಿಟ್ಟಿ ಯಂತ್ರ ಸಿಕ್ಕಿತೆಂದು ಕಳ್ಳ ಖಾತೆಗಳನ್ನು ತೆರೆದು, ಪರೀಕ್ಷೆಯ ಹೆಸರಿನಲ್ಲಿ ಕ್ರಿಪ್ಟೊ ನಾಣ್ಯ ಅಗೆಯಲು ಶುರುವಿಟ್ಟುಕೊಂಡರು. 2021ರ ಮೇ ತಿಂಗಳಿಂದ ಗಿಟ್‌ಲ್ಯಾಬಿನವರು ಹೊಸದಾಗಿ ಬರುವ ಬಿಟ್ಟಿ ಗಿರಾಕಿಯೂ ಕಾರ್ಡು ತೋರಿಸಲಿ ಎಂದರು. ಟ್ರಾವಿಸ್ ಸಿಐ ಕಥೆ ಇನ್ನೂ ದುಃಖದ್ದು. ಬರ್ಲಿನ್‌ನಲ್ಲಿ ಹುಟ್ಟಿ, ಮುಕ್ತ ತಂತ್ರಾಂಶದವರಿಗೆಲ್ಲ ಧರ್ಮಕ್ಕೆ ಪರೀಕ್ಷೆ ಮಾಡಿಕೊಟ್ಟು ಮನೆಮಾತಾಗಿದ್ದದ್ದು. 2019ರಲ್ಲಿ ಐಡೆರಾ ಎಂಬ ಕಂಪನಿ ಕೊಂಡಿತು, ಎಂಜಿನಿಯರುಗಳು ಹೊರಬಿದ್ದರು, 2020ರ ನವೆಂಬರ್‌ನಲ್ಲಿ ದರದ ಲೆಕ್ಕ ಬದಲಾಯಿತು, ಗಿರಾಕಿಗಳು ಗಂಟುಮೂಟೆ ಕಟ್ಟಿದರು. ಪುಕ್ಕಟೆ ನೋಡಿ ಸೇವೆ ಆರಿಸಿದವರು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸಲು ತಯಾರಿರಬೇಕು.

ಇನ್ನು ನಿಮಿಷದ ಲೆಕ್ಕ. ಇದರಲ್ಲಿ ಒಂದು ಮರ್ಮ ಇದೆ, ಗೋಡೆಯ ಪಟ್ಟಿಯಲ್ಲಿ ಇರಲಿಲ್ಲ. ಗಿಟ್‌ಹಬ್‌ನವರು ಪ್ರತಿಯೊಂದು ಜಾಬನ್ನೂ ಮುಂದಿನ ಪೂರ್ತಿ ನಿಮಿಷಕ್ಕೆ ಏರಿಸಿ ಲೆಕ್ಕ ಹಿಡಿಯುತ್ತಾರೆ. ನಮ್ಮ ಹುಡುಗರು ಅಂದವಾಗಿ ಕಾಣಲಿ ಎಂದು ಪರೀಕ್ಷೆಯನ್ನು ಐದು ಜಾಬುಗಳಾಗಿ ಹೆಚ್ಚಬೇಕೆಂದಿದ್ದರು, ಒಂದೊಂದಕ್ಕೆ ಇಪ್ಪತ್ತು ಸೆಕೆಂಡಿನ ಅಂದಾಜು. ಓಡುವುದು 100 ಸೆಕೆಂಡು, ಲೆಕ್ಕಕ್ಕೆ ಬೀಳುವುದು 5 ನಿಮಿಷ. ಅದನ್ನೇ ಒಂದು ಜಾಬಿಗೆ ಕಟ್ಟಿದರೆ 2 ನಿಮಿಷ. ನಾಲ್ಕು ಜನ ದಿನಕ್ಕೆ ಐದೈದು ಸಲ ಕೋಡು ಕಳಿಸಿ ತಿಂಗಳಿಗೆ 25 ದಿನ ದುಡಿದರೆ 500 ಓಟ. ಒಂದು ಲೆಕ್ಕದಲ್ಲಿ 2,500 ನಿಮಿಷ, ಇಪ್ಪತ್ತನೇ ದಿನಕ್ಕೆ ಖಾಲಿ. ಇನ್ನೊಂದು ಲೆಕ್ಕದಲ್ಲಿ 1,000, ಅರ್ಧ ಮಿಕ್ಕಿತು. ಮಂಡಿಯವರಿಗೆ ಕಾಸು ಕಾಸಿನ ಲೆಕ್ಕ ಬರೆದುಕೊಡುವವರು ತಮ್ಮ ನಿಮಿಷದ ಲೆಕ್ಕ ನೋಡಿಕೊಂಡಿರಲಿಲ್ಲ.

ಅದರ ಮೇಲೆ ಮುಳಬಾಗಿಲಿನವನಿಗೆ ಐಫೋನ್ ಆಪೂ ಬೇಕಂತೆ. ಮಂಡಿ ಸಾಹುಕಾರರ ಮಕ್ಕಳ ಕೈಯಲ್ಲಿ ಈಗ ಅದೇ ಇರುವುದು. ಐಫೋನ್ ಆಪು ಕಟ್ಟಲು ಮ್ಯಾಕ್ ಯಂತ್ರವೇ ಆಗಬೇಕು. ಮ್ಯಾಕಿನ ಒಂದು ನಿಮಿಷಕ್ಕೆ ಪುಕ್ಕಟೆ ಕೋಟಾದಿಂದ ಹತ್ತು ನಿಮಿಷ ಮುರಿದುಕೊಳ್ಳುತ್ತಾರೆ, ವಿಂಡೋಸ್ ಆದರೆ ಎರಡು. 2,000 ನಿಮಿಷ ಕಣ್ಣೆದುರಿಗೇ 200 ಆಗುತ್ತದೆ. ನಮ್ಮದೇ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ಮೊದಲು ವಿಸ್ಟ್ರಾನ್ ಇತ್ತು, 2023ರಲ್ಲಿ ಟಾಟಾದವರು ಕೊಂಡರು. ಬೆಳಿಗ್ಗೆ ಕಂಪನಿ ಬಸ್ಸುಗಳು ಸಾಲುಗಟ್ಟಿ ಹೋಗುತ್ತವೆ. ಫೋನು ಮಾಡುವುದು ಇಲ್ಲಿ, ಆ ಫೋನಿನ ಆಪು ಸರಿಯಿದೆಯೇ ಎಂದು ನೋಡಲು ಎಲ್ಲೋ ದೂರದ ಮ್ಯಾಕಿಗೆ ಹತ್ತು ಪಟ್ಟು ಬಾಡಿಗೆ! ಆಂಡ್ರಾಯ್ಡ್ ಸಾಕು, ಸಾಹುಕಾರರ ಮಕ್ಕಳು ಬ್ರೌಸರ್‌ನಲ್ಲಿ ನೋಡಿಕೊಳ್ಳಲಿ ಎಂದು ಆ ಕಡತ ಮುಚ್ಚಿಸಿದೆ.

ಸರಿ, ಪುಕ್ಕಟೆ ಸಾಲದು, ಕಾಸು ಕೊಡೋಣ ಎಂದರೂ ಸಲೀಸೇ? ವಿದೇಶಿ ಸೇವೆಗೆ ತಿಂಗಳು ತಿಂಗಳು ಕಾರ್ಡಿನಿಂದ ತಾನೇ ಕತ್ತರಿಸಿಕೊಳ್ಳುವ ಪದ್ಧತಿಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ ಒಂದರಿಂದ ಲಗಾಮು ಹಾಕಿದೆ. ಕಾರ್ಡಿನ ಮೇಲೆ ಇ-ಮ್ಯಾಂಡೇಟ್ ನೋಂದಾಯಿಸಿರಬೇಕು, ಕತ್ತರಿಸುವ 24 ಗಂಟೆ ಮೊದಲು ತಿಳಿಸಬೇಕು, ಮಿತಿ ಮೀರಿದರೆ ಓಟಿಪಿ. ಮಿತಿ ಮೊದಲು 5,000 ರೂಪಾಯಿ ಇತ್ತು, ಮರುವರ್ಷ 15,000 ಆಯಿತು. ನಿಯಮ ಗಿರಾಕಿಯ ಒಳ್ಳೆಯದಕ್ಕೇ, ಒಪ್ಪಿದೆ. ಆದರೆ ಸಮುದ್ರದಾಚೆಯ ಸಣ್ಣ ಕಂಪನಿಗೆ ನಮ್ಮ ಬ್ಯಾಂಕಿನ ಮ್ಯಾಂಡೇಟಿನ ಗೊಡವೆ ಯಾಕೆ? ಅದು ಕಾರ್ಡು ಉಜ್ಜಿ ನೋಡುತ್ತದೆ, ದುಡ್ಡು ಬರದಿದ್ದರೆ ಬಿಲ್ಡು ನಿಲ್ಲಿಸುತ್ತದೆ. ಆದ್ದರಿಂದ ಕಾಸಿನ ಯೋಜನೆ ಹಿಡಿಯುವ ಮುಂಚೆ, ನಿಮ್ಮ ಕಾರ್ಡು ಎರಡನೇ ತಿಂಗಳೂ ನಡೆಯುತ್ತದೆಯೇ ಎಂದು ನೋಡಿಕೊಳ್ಳುವುದು ಸ್ಕ್ರೀನಿನ ಚೆಂದ ನೋಡುವುದಕ್ಕಿಂತ ಮುಖ್ಯ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಯಾರ ಹೆಸರಿನಲ್ಲಿ ಎಂದು ಆಡಿಟರನ್ನೂ ಒಂದು ಮಾತು ಕೇಳಬೇಕು.

ಇಷ್ಟಾದರೂ ಅವರು ಮಾತಾಡದೇ ಇದ್ದ ಒಂದು ವಿಷಯಕ್ಕೆ ನಾನು ಗದರಿಸಲೇಬೇಕಾಯಿತು. ಪ್ರೈವೇಟ್ ಕೋಡನ್ನು ಸಿಐಗೆ ಕೊಡುವುದೆಂದರೆ ಕೋಡನ್ನಷ್ಟೇ ಕೊಟ್ಟಂತಲ್ಲ, ಬೀಗದ ಕೈಗೊಂಚಲನ್ನೂ ಕೊಟ್ಟಂತೆ. ಸರ್ವರಿನ ಕೀ, ಡೇಟಾಬೇಸಿನ ಪಾಸ್‌ವರ್ಡು, ಪ್ಲೇಸ್ಟೋರಿಗೆ ಹಾಕುವ ಸಹಿ ಎಲ್ಲವೂ ಅಲ್ಲೇ ಇರುತ್ತವೆ. 2023ರ ಜನವರಿ 4ರಂದು ಸರ್ಕಲ್‌ಸಿಐ ತನ್ನ ಗಿರಾಕಿಗಳಿಗೆಲ್ಲ ಹೇಳಿದ್ದು ಏನು? ನಮ್ಮಲ್ಲಿ ಇಟ್ಟ ಕೀಲಿಗಳನ್ನೆಲ್ಲ ಕೂಡಲೇ ಬದಲಿಸಿಕೊಳ್ಳಿ ಎಂದು. ಅವರ ಎಂಜಿನಿಯರ್ ಒಬ್ಬರ ಲ್ಯಾಪ್‌ಟಾಪಿಗೆ ಡಿಸೆಂಬರ್‌ನಲ್ಲಿ ಕಳ್ಳ ತಂತ್ರಾಂಶ ಹೊಕ್ಕು, ಲಾಗಿನ್ ಆಗಿದ್ದ ಅವರ ಸೆಷನ್ನನ್ನೇ ಎತ್ತಿಕೊಂಡು ಹೋಗಿತ್ತು. ಎರಡು ಹಂತದ ಕಾವಲು ಇದ್ದೂ ಪ್ರಯೋಜನವಾಗಲಿಲ್ಲ, ಕಳ್ಳ ಬಂದದ್ದು ಕಾವಲು ದಾಟಿ ಒಳಗೆ ಬಂದವರ ಹಿಂದೆಯೇ. 2021ರ ಸೆಪ್ಟೆಂಬರ್‌ನಲ್ಲಿ ಟ್ರಾವಿಸ್‌ನಲ್ಲಿ ಬಹಿರಂಗ ಕೋಡಿನವರ ಗುಟ್ಟುಗಳು ಹೊರಗಿನವರ ಪುಲ್ ರಿಕ್ವೆಸ್ಟಿಗೂ ಸಿಗುವಂತಾಗಿದ್ದವು. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಸಾವಿರಾರು ಜನ ಎರವಲು ತಂದು ಬಳಸುತ್ತಿದ್ದ ಒಂದು ಆಕ್ಷನ್ನಿಗೆ ಯಾರೋ ವಿಷ ಬೆರೆಸಿದರು. ಕೀಲಿಗಳು ಬಿಲ್ಡಿನ ಲಾಗಿನಲ್ಲಿ ಅಚ್ಚಾಗತೊಡಗಿದವು. ಲಾಗನ್ನು ಊರಿಗೆಲ್ಲ ತೆರೆದಿಟ್ಟವರು ಬಟ್ಟಬಯಲಾದರು, ಪ್ರೈವೇಟಿನವರು ಬೇಲಿಯಿಂದಾಗಿ ಅಷ್ಟರಮಟ್ಟಿಗೆ ಬಚಾವಾದರು. ಅಳಿಮಯ್ಯನ ಬೇಲಿಗೆ ಬೆಲೆ ಬಂದದ್ದು ಅಲ್ಲೊಂದೇ ಕಡೆ.

ಹಾಗಾಗಿ ನನ್ನ ತೀರ್ಪು ಚಿಕ್ಕದು. ಕೋಡು ಈಗಾಗಲೇ ಗಿಟ್‌ಹಬ್‌ನಲ್ಲಿದೆ, ಕೀಲಿಗೊಂಚಲನ್ನು ಎರಡನೇ ಮನೆಯಲ್ಲಿ ಇಡುವುದು ಯಾಕೆ? ಒಂದು ಕಡೆ ಇಟ್ಟರೆ ಒಂದೇ ಕಡೆ ಕಾಯಬೇಕು. ಎರವಲು ಆಕ್ಷನ್ನುಗಳನ್ನು ಹೆಸರಿನ ಮೇಲೆ ನಂಬದೆ ಅವುಗಳ ಕಮಿಟ್ಟಿನ ಪೂರ್ತಿ ಸಂಖ್ಯೆಗೆ ಕಟ್ಟಿಹಾಕಿ. ಸಿಐಗೆ ಕೊಡುವ ಕೀಲಿ ಒಂದೇ ಬಾಗಿಲು ತೆಗೆಯುವಂಥದ್ದಿರಲಿ, ಮನೆಯೆಲ್ಲ ತೆಗೆಯುವುದು ಬೇಡ. ಹನ್ನೆರಡನೇ ಸಾಲು, ಹದಿಮೂರನೇ ಸಾಲು ಇವತ್ತೇ ಅಳಿಸಿ. ಅಳಿಸಿದರೆ ಸಾಲದು, ಹಳೆಯ ಕಮಿಟ್ಟಿನಲ್ಲಿ ಉಳಿದೇ ಇರುತ್ತದೆ, ಪಾಸ್‌ವರ್ಡನ್ನೇ ಬದಲಿಸಿ.

ನಿಮಿಷ ಸಾಲದಿದ್ದರೆ? ಅದಕ್ಕೂ ದಾರಿ ಇದೆ. ಸ್ವಂತ ಯಂತ್ರವನ್ನೇ ಪರೀಕ್ಷೆ ಓಡಿಸುವ ರನ್ನರ್ ಮಾಡಿಕೊಳ್ಳಬಹುದು, ಗಿಟ್‌ಹಬ್‌ನ ಪುಕ್ಕಟೆ ಕೋಟಾದಲ್ಲಿ ಅದರ ನಿಮಿಷ ಹಿಡಿಯುವುದಿಲ್ಲ. ಮಾಲೂರಿನವನು ಕೀಲು ಸಡಿಲಾದ ತನ್ನ ಹಳೇ ಲ್ಯಾಪ್‌ಟಾಪ್ ತಂದಿಟ್ಟ. ಕೇಬಲ್‌ನವರ ಇಂಟರ್‌ನೆಟ್ಟಿಗೆ ಸ್ಟ್ಯಾಟಿಕ್ ಐಪಿ ಇಲ್ಲವಲ್ಲ ಎಂದು ಪೇಚಾಡಿದ. ಬೇಕಾಗಿಲ್ಲ, ರನ್ನರು ತಾನೇ ಹೊರಗೆ ಕರೆ ಮಾಡಿ ‘ಕೆಲಸ ಏನಾದರೂ ಐತಾ’ ಎಂದು ಕೇಳುತ್ತಾ ಕೂತಿರುತ್ತದೆ, ಹೊರಗಿನವರು ಒಳಗೆ ಬರಬೇಕಾಗಿಲ್ಲ. ಕರೆಂಟು ಹೋದರೆ ಬ್ಯಾಟರಿ ನಲವತ್ತು ನಿಮಿಷ ಎಳೆಯುತ್ತದೆ, ಆಮೇಲೆ ಕೋಡು ಸರದಿಯಲ್ಲಿ ಕಾಯುತ್ತದೆ. ಕಾಯಲಿ. ಇಲ್ಲಿ ಪಂಪ್‌ಸೆಟ್ಟಿನವರೇ ತ್ರೀ ಫೇಸಿಗೆ ರಾತ್ರಿಯೆಲ್ಲ ಕಾಯುತ್ತಾರೆ. ಎಲ್ಲರಿಗೂ ತೆರೆದ ಕೋಡಿಗೆ ಮಾತ್ರ ಇಂಥ ರನ್ನರ್ ಕಟ್ಟಬಾರದು, ದಾರಿಹೋಕರು ಕಳಿಸಿದ ಕೋಡೆಲ್ಲ ನಿಮ್ಮ ರೂಮಿನಲ್ಲೇ ಓಡುತ್ತದೆ.

ಎಲ್ಲ ಸಿದ್ಧವಾಯಿತು. ವಾದ ಮುಗಿಯಿತು, ಸೇವೆ ಗೊತ್ತಾಯಿತು, ಫೈಲು ಬರೆದರು, ಮೊದಲ ಓಟ ಓಡಿತು, ಹಸಿರು ಟಿಕ್ಕು ಬಂತು. ನಾಲ್ಕೂ ಜನ ಎದ್ದು ಕುಣಿದರು, ಕೆಳಗಿನಿಂದ ಗೊಬ್ಬರದ ಅಂಗಡಿಯವರು ಕೋಲಿನಿಂದ ತಾರಸಿ ಕುಟ್ಟಿದರು. ನನಗೆ ಅನುಮಾನ. ಹನ್ನೊಂದು ಸೆಕೆಂಡಿನಲ್ಲಿ ಮುಗಿಯಿತಲ್ಲ, ಏನು ಪರೀಕ್ಷೆ ಮಾಡಿದಿರಪ್ಪ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೆಸ್ಟ್ ಇದ್ದದ್ದು ಒಂದೇ, ಅದೂ ಒಂದಕ್ಕೆ ಒಂದು ಕೂಡಿದರೆ ಎರಡೇ ಎಂದು ನೋಡುವಂಥದ್ದು, ಯಾವುದೋ ಪಾಠದಿಂದ ಎತ್ತಿದ್ದು. ಇಷ್ಟು ದಿನ ಜಗಳವಾಡಿದ್ದು ಒಂದಕ್ಕೊಂದು ಎರಡನ್ನು ಎಲ್ಲಿ ಓಡಿಸಬೇಕು ಎಂದು! ಅದಕ್ಕೆ 50 ನಿಮಿಷದ ಬಿಟ್‌ಬಕೆಟ್ಟೂ ಧಾರಾಳವಾಗುತ್ತಿತ್ತು.

ಮಂಡಿಯಲ್ಲಿ ನಿಜವಾಗಿ ಏನು ಕೆಡುತ್ತದೋ ಅದನ್ನು ಬರೆಯಿರಿ ಎಂದೆ. ಅಳಿಮಯ್ಯ ತಲೆ ಕೆರೆದು, ರೇಟು ನೆಲ ಕಚ್ಚಿದ ದಿನದ ಲೆಕ್ಕ ಹಾಕಿದ. ಹದಿನೈದು ಕೆಜಿ ಬಾಕ್ಸು, ಅರವತ್ತು ಬಾಕ್ಸು, ಬಾಕ್ಸಿಗೆ ಮೂವತ್ತು ರೂಪಾಯಿ, 1,800. ಅದರಲ್ಲಿ ಲಾರಿ ಬಾಡಿಗೆ ಹಿಡಿ, ಹಳೇ ಮುಂಗಡ ಹಿಡಿ. ‘ರೈತನ ಬಿಲ್ಲು ಸೊನ್ನೆಗಿಂತ ಕೆಳಗೆ ಹೋಗಬಾರದು’ ಎಂದು ಟೆಸ್ಟ್ ಬರೆದು ಕಳಿಸಿದ. ಕೆಂಪು ಅಡ್ಡಗೀಟು ಬಂತು. ಬಿಲ್ಲು ಮೈನಸ್ 640 ತೋರಿಸುತ್ತಿತ್ತು. ಸಿಐ ಕೊನೆಗೂ ಒಬ್ಬ ಕಳ್ಳನನ್ನು ಹಿಡಿಯಿತು ಎಂದು ಶ್ರೀನಿವಾಸಪುರದವನು ಬೀಗಿದ. ಸರಿಪಡಿಸುವ ಮುನ್ನ ಒಂದು ಮಾತು ಕೇಳಿಬಿಡೋಣ ಎಂದು ಮಂಡಿ ಸಾಹುಕಾರರಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು.

‘ಸರಿಗೈತಲ್ಲಪ್ಪ! ಮೈನಸ್ಸೇ ಬರಬೇಕು ಕಣೋ. ಆ ದುಡ್ಡನ್ನ ಮುಂದಿನ ಲೋಡಿಗೆ ಹಿಡ್ಕೊಂತೀವಿ. ಅದನ್ನ ಸೊನ್ನೆ ಮಾಡಿದ್ರೆ ಬಾಡಿಗೆ ನೀವು ಕೊಡ್ತೀರೇನು?’ ಎಂದರು ಸಾಹುಕಾರರು.

ಕೋಡು ಸರಿ, ಟೆಸ್ಟೇ ತಪ್ಪು. ಅಳಿಮಯ್ಯ ಟೆಸ್ಟನ್ನು ತಿರುವಿಹಾಕಿ, ಮೈನಸ್ 640 ಬಂದರೇ ಪಾಸು, ಬಾಕಿ ಮುಂದಿನ ಬಿಲ್ಲಿಗೆ ಹೋಗಬೇಕು ಎಂದು ಬರೆದ. ಹಸಿರು ಬಂತು. ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತಿ ಬಂದ ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳದೂ ಅರ್ಧ ಎಕರೆ ಟೊಮೆಟೊ ಇದೆ, ಬರುವ ವಾರ ಕೀಳಬೇಕು.

‘ಯಾವ ಮಂಡಿನೋ ಅದು?’ ಎಂದಳು. ‘ಹೆಸರು ಹೇಳು, ಈ ಸಲ ಬೇರೆ ಕಡೆ ಹಾಕ್ತೀನಿ.’

‘ಅದು ಹೇಳಂಗಿಲ್ಲಮ್ಮ, ಪ್ರೈವೇಟು’ ಎಂದ ಅಳಿಮಯ್ಯ.